ಮುಟ್ಟು ಮುಂದೂಡುವ ಮಾತ್ರೆ

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲೂ ಹೆಂಗಸರು ಕ್ಯಾಲೆಂಡರ್ ನೋಡಿ ದಿನ ಎಣಿಸುತ್ತಾರೆ. ಮದುವೆ, ಉಪನಯನ, ಚೌತಿ ಹಬ್ಬ ಬಂದಾಗಲೂ ಅದೇ ಲೆಕ್ಕ. ಆ ದಿನವೇ ಮುಟ್ಟಾದರೆ ಏನು ಗತಿ ಎಂಬ ಚಿಂತೆ. ಔಷಧ ಅಂಗಡಿಯಿಂದ ಒಂದು ಪಟ್ಟಿ ಮಾತ್ರೆ ತರಿಸಿದರೆ ಚಿಂತೆ ಮುಗಿಯಿತು ಎಂದುಕೊಂಡವರು ಬಹಳ. ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳುವವರು ಕಡಿಮೆ.

ಇದನ್ನು ತಿಳಿಯಲು ಕೊಟ್ಟಿಗೆಯ ಆಕಳಿನಿಂದ ಶುರು ಮಾಡುವುದೇ ಸುಲಭ. ಗಬ್ಬವಾಗದ ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ರಕ್ತದ ಮೂಲಕ ಅಂಡಾಶಯಕ್ಕೆ ಹಾರ್ಮೋನುಗಳನ್ನು ಕಳಿಸುತ್ತದೆ. ಅಂಡಾಶಯದಲ್ಲಿ ಅಂಡವಿರುವ ಕೋಶ ಬೆಳೆದು ಈಸ್ಟ್ರೊಜೆನ್ ಸುರಿಸುತ್ತದೆ. ಆಕಳು ಕೂಗುವುದು, ಮೇವು ಬಿಡುವುದು ಆಗಲೇ. ಅಂಡ ಹೊರಬಿದ್ದ ಮೇಲೆ ಖಾಲಿಯಾದ ಕೋಶ ಹಳದಿ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ತಯಾರಿಸುತ್ತದೆ. ಬಸಿರನ್ನು ಕಾಪಾಡುವ ಹಾರ್ಮೋನು ಇದು. ಬಸಿರಾಗದಿದ್ದರೆ ಹಳದಿ ಗಂಟು ಕರಗಿ, ಪ್ರೊಜೆಸ್ಟರಾನ್ ಇಳಿದು, ಆಕಳು ಮತ್ತೆ ಬೆದೆಗೆ ಬರುತ್ತದೆ. ಗಬ್ಬ ನಿಲ್ಲದ ಆಕಳಿಗೆ ಪಶುವೈದ್ಯರು ಕೆಲವೊಮ್ಮೆ ಪ್ರೊಜೆಸ್ಟರಾನ್ ತುಂಬಿದ ಸಾಧನವನ್ನು ಏಳೆಂಟು ದಿನ ಒಳಗಿಟ್ಟು ತೆಗೆಯುತ್ತಾರೆ. ತೆಗೆದ ಎರಡು ಮೂರು ದಿನಕ್ಕೆ ಬೆದೆ. ಇದನ್ನು ನೆನಪಿಟ್ಟುಕೊಳ್ಳಿ.

ಹೆಂಗಸರಲ್ಲಿಯೂ ಇದೇ ಹಾರ್ಮೋನುಗಳು, ಇದೇ ಹಳದಿ ಗಂಟು. ವ್ಯತ್ಯಾಸ ಗರ್ಭಕೋಶದ ಒಳಪದರದ್ದು. ಮನುಷ್ಯರಲ್ಲಿ, ಕೆಲವು ಜಾತಿಯ ಮಂಗಗಳಲ್ಲಿ, ಕೆಲವು ಬಾವಲಿಗಳಲ್ಲಿ ಈ ಪದರ ದಪ್ಪವಾಗಿ ಬೆಳೆದು, ಬಸಿರು ನಿಲ್ಲದಾಗ ಕಳಚಿ ರಕ್ತದೊಡನೆ ಹೊರಬರುತ್ತದೆ. ಆಕಳಿಗೆ ಮುಟ್ಟಿಲ್ಲ. ಬೆದೆ ಮುಗಿದ ಒಂದೆರಡು ದಿನಕ್ಕೆ ಬಾಲದ ಬುಡದಲ್ಲಿ ಕಾಣುವ ರಕ್ತ ಈಸ್ಟ್ರೊಜೆನ್ ಇಳಿದದ್ದರ ಗುರುತು; ಅದನ್ನು ಮುಟ್ಟೆಂದು ತಿಳಿಯುವುದು ತಪ್ಪು.

ಹೆಣ್ಣಿನ ಹಳದಿ ಗಂಟಿನ ಆಯಸ್ಸು ಸುಮಾರು 14 ದಿನ. ಅದು ಬಾಡಿ ಪ್ರೊಜೆಸ್ಟರಾನ್ ಇಳಿದಾಗ ಒಳಪದರಕ್ಕೆ ಆಧಾರ ತಪ್ಪುತ್ತದೆ, ಮುಟ್ಟಾಗುತ್ತದೆ. ಮುಂದೂಡುವ ಮಾತ್ರೆಯ ಗುಟ್ಟು ಇಷ್ಟೇ: ಗಂಟು ಬಾಡಿದರೂ ಅದರ ಕೆಲಸವನ್ನು ಮಾತ್ರೆ ಮಾಡುತ್ತದೆ. ನುಂಗುತ್ತಿರುವಷ್ಟು ದಿನ ಪದರ ನಿಲ್ಲುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಕಳಚುತ್ತದೆ. ಆಕಳಿನ ಒಳಗಿಟ್ಟ ಸಾಧನವನ್ನು ತೆಗೆದಂತೆಯೇ. 'ಕೆಟ್ಟ ರಕ್ತ ಒಳಗೇ ಉಳಿಯುತ್ತದೆ' ಎಂಬ ಅಜ್ಜಿಯರ ಭಯಕ್ಕೆ ಆಧಾರವಿಲ್ಲ. ಹರಿಯದ ರಕ್ತ ಎಲ್ಲಿಯೂ ಕಟ್ಟಿ ನಿಂತಿರುವುದಿಲ್ಲ.

ಈ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ನಾರ್‌ಎಥಿಸ್ಟೆರೋನ್. 1951ರಲ್ಲಿ ಮೆಕ್ಸಿಕೊದಲ್ಲಿ, ಅಲ್ಲಿಯ ಕಾಡುಗೆಣಸಿನಿಂದ ತೆಗೆದ ಮೂಲವಸ್ತುವನ್ನು ಬಳಸಿ ಇದನ್ನು ಮೊದಲು ತಯಾರಿಸಿದರು. ಹಾಗೆಂದು ನಮ್ಮ ಕಾಡಿನ ಗೆಣಸು ತಿಂದರೆ ಮುಟ್ಟು ಮುಂದೆ ಹೋಗದು. ಆ ಬದಲಾವಣೆ ಪ್ರಯೋಗಶಾಲೆಯಲ್ಲಿ ಆಗುತ್ತದೆ, ಹೊಟ್ಟೆಯಲ್ಲಲ್ಲ.

ವೈದ್ಯರು ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿನಿಂದ ಬರೆದುಕೊಡುತ್ತಾರೆ. ಜಾತ್ರೆಯ ಗಡಿಬಿಡಿಯಲ್ಲಿ ಒಂದು ಹೊತ್ತು ತಪ್ಪಿದರೂ ಕಲೆ ಕಾಣಿಸಬಹುದು. ಹೊಟ್ಟೆ ಉಬ್ಬರ, ತಲೆನೋವು, ಎದೆ ಬಿಗಿತ ಕೆಲವರಿಗೆ ಆಗುತ್ತದೆ, ಅವು ಹೋಗುವಂಥವು. ನಿಜವಾದ ಅಪಾಯ ಬೇರೆಯದು. ಈ ಔಷಧದ ಒಂದು ಅಂಶ ದೇಹದಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ, ಅದರಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಆರೋಗ್ಯವಂತರಲ್ಲಿ ಇದು ಅಪರೂಪ. ಆದರೆ ಹಿಂದೆ ಹೆಪ್ಪುಗಟ್ಟಿದವರು, ಮನೆತನದಲ್ಲಿ ಆ ಕಾಯಿಲೆ ಇರುವವರು, ತುಂಬ ದಪ್ಪಗಿರುವವರು, ಬೀಡಿ ಸಿಗರೇಟು ಸೇದುವವರು, ಅರೆತಲೆನೋವು, ಯಕೃತ್ತಿನ ಕಾಯಿಲೆ ಅಥವಾ ಸ್ತನದ ಕ್ಯಾನ್ಸರ್ ಇದ್ದವರು ಅಂಗಡಿಯಿಂದ ನೇರ ತಂದು ನುಂಗಲೇಬಾರದು. ಮಾತ್ರೆ ತಿನ್ನುವಾಗ ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಎದೆನೋವು, ಏದುಸಿರು, ಹಠಾತ್ತನೆ ಕಣ್ಣು ಮಂಜಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಆಸ್ಪತ್ರೆಯೆಂದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕಾದ ನಮ್ಮ ಹಳ್ಳಿಯವರು 'ನಾಳೆ ನೋಡೋಣ' ಎನ್ನಬಾರದು.

ಹದಿಮೂರು ಹದಿನಾಲ್ಕರ ಹುಡುಗಿಯರಿಗೆ ಮನೆಯವರೇ ಮಾತ್ರೆ ಕೊಡುವುದಂತೂ ನನಗೆ ಸರಿಕಾಣದು. ಮೈನೆರೆದ ಮೊದಲ ಒಂದೆರಡು ವರ್ಷ ಅನೇಕ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ, ಹಳದಿ ಗಂಟೂ ಇರುವುದಿಲ್ಲ, ದಿನವೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ದಿನವನ್ನು ಮುಂದೂಡುವುದು ಹೇಗೆ? ದೊಡ್ಡವರಾದರೂ ಅತ್ತೆಯ ಮಾತಿಗೆ ಕಟ್ಟುಬಿದ್ದು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ತಿನ್ನುವುದು ಬೇಡ. ಒಲ್ಲೆ ಎನ್ನುವ ಸ್ವಾತಂತ್ರ್ಯ ಸೊಸೆಗೂ ಇರಲಿ.

ಇನ್ನೊಂದು ಮಾತು. ಇದು ಬಸಿರು ತಡೆಯುವ ಮಾತ್ರೆಯಲ್ಲ. ಬಸಿರಿನ ಸಂಶಯವಿದ್ದರೆ ಮಾತ್ರೆ ಶುರುಮಾಡುವ ಮೊದಲೇ ಮೂತ್ರ ಪರೀಕ್ಷೆ ಮಾಡಿಸಿ. ಮಾತ್ರೆ ನಿಲ್ಲಿಸಿ ಒಂದು ವಾರ ಕಳೆದರೂ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಿಸಿಕೊಂಡು ವೈದ್ಯರಿಗೆ ತೋರಿಸಿ.