ಹಣ್ಣು ಆಕೆಯ ಪಾಲಿಗೂ ಬರಲಿ

ಆಳಂದ ತಾಲ್ಲೂಕಿನ ಸರಸಂಬಾ ಸುತ್ತಿನ ಊರು, ತಾಂಡಾಗಳಲ್ಲಿ ಹೆಣ್ಣುಮಕ್ಕಳ ಬಿ.ಪಿ. ನೋಡುವುದು ನನ್ನ ಕೆಲಸ. ಮುಟ್ಟು ನಿಂತವರಲ್ಲಿ ಅದು ಏರಿರುವುದನ್ನು ಮೇಲಿಂದ ಮೇಲೆ ಕಾಣುತ್ತೇನೆ. ಮಾತ್ರೆ ಕೈಗಿಟ್ಟ ಮೇಲೆ ಅವರು ಕೇಳುವುದು ಇಷ್ಟೇ: “ಉಣ್ಣೋದು ತಿನ್ನೋದು ಹ್ಯಾಂಗ್ರಿ ಅಕ್ಕೋರ?” ಈ ಪ್ರಶ್ನೆಗೆ ಉತ್ತರ ಕೊಡುತ್ತಾ, ಹಣ್ಣಿನ ವಿಷಯದಲ್ಲಿ ನನಗೆ ಮನದಟ್ಟಾದ ಪಾಠಗಳಿವು.

1. ಮುಟ್ಟು ಯಾವಾಗ ನಿಂತಿತು, ಹೇಗೆ ನಿಂತಿತು ಎಂದು ಮೊದಲು ಕೇಳಬೇಕು

ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲುವುದು ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ. ಆದರೆ ನಮ್ಮ ಭಾಗದಲ್ಲಿ ಚಿಕ್ಕ ವಯಸ್ಸಿಗೇ ಗರ್ಭಚೀಲ ತೆಗೆಸಿಕೊಂಡವರು ಅನೇಕರು. ಇಲ್ಲಿನ ತಾಂಡಾಗಳ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆಯೂ ಈ ಆಪರೇಷನ್ ಮಾಡಲಾಗಿದೆ ಎಂಬ ದೂರು 2015ರಲ್ಲಿ ರಾಜ್ಯದ ಗಮನಕ್ಕೆ ಬಂದು ತನಿಖೆ ನಡೆಯಿತು. ಗರ್ಭಚೀಲದ ಜೊತೆ ಅಂಡಾಶಯಗಳೂ ಹೋದರೆ, ಬಿ.ಪಿ. ಹತೋಟಿಗೆ ನೆರವಾಗುವ ಈಸ್ಟ್ರೋಜೆನ್ ಹಾರ್ಮೋನು ಒಮ್ಮೆಗೇ ಕುಸಿಯುತ್ತದೆ. ಅಂಡಾಶಯ ಉಳಿದಿದ್ದರೂ ಕೆಲವರಲ್ಲಿ ಅದು ಬೇಗ ಸೊರಗುತ್ತದೆ. ಹಾಗಾಗಿ ‘ಇನ್ನೂ ಸಣ್ಣ ವಯಸ್ಸು’ ಎಂದು 35ರ ಹೆಣ್ಣುಮಗಳನ್ನು ಬಿ.ಪಿ. ನೋಡದೆ ಕಳಿಸಬಾರದು.

2. ಉಪ್ಪು ಇಳಿದರೆ ಹಣ್ಣಿನ ಗುಣ ಹೆಚ್ಚು

ಅಂಡಾಶಯ ತೆಗೆಸಿಕೊಂಡ 40 ಮಹಿಳೆಯರ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆಪರೇಷನ್‌ಗೆ ಮುಂಚೆ ಉಪ್ಪು ತಿಂದರೆ ಬಿ.ಪಿ. ಏರುತ್ತಿದ್ದದ್ದು 9 ಮಂದಿಗೆ. ಆಮೇಲೆ ಅದು 21 ಮಂದಿಗೆ ಆಯಿತು. ಇಂಥವರಿಗೆ ಹಣ್ಣು ಒದಗುವುದು ಇಲ್ಲೇ: ಅದರಲ್ಲಿರುವ ಪೊಟ್ಯಾಸಿಯಂ ಮೂತ್ರಪಿಂಡದ ಮೂಲಕ ಸೋಡಿಯಂ ಹೊರಹೋಗಲು ನೆರವಾಗುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಆದರೆ ನಮ್ಮಲ್ಲಿ ಪೇರಲಕ್ಕೆ ಉಪ್ಪು-ಖಾರ ಬೇಕು, ಮಾವಿನಕಾಯಿಗೆ ಉಪ್ಪು ಬೇಕು, ಕಲ್ಲಂಗಡಿಗೂ ಉದುರಿಸುವವರಿದ್ದಾರೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿ ಜೊತೆಯ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳಗಳಲ್ಲೇ ಅದರ ದೊಡ್ಡ ಪಾಲು ಮುಗಿದಿರುತ್ತದೆ. ಹಣ್ಣನ್ನು ಬರೀ ಹಣ್ಣಾಗಿಯೇ ತಿನ್ನಿ ಎಂಬುದು ನಾನು ಹೇಳುವ ಮೊದಲ ಮಾತು.

3. ದುಬಾರಿ ಹಣ್ಣು ಬೇಕಿಲ್ಲ

‘ಸೇಬು ತರಾಕ ರೊಕ್ಕ ಎಲ್ಲಿಂದ?’ ಎಂದು ಹಲವರು ಹಿಂಜರಿಯುತ್ತಾರೆ. ಸೇಬೇ ಆಗಬೇಕೆಂದಿಲ್ಲ. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಪೇರಲವೂ ಅದಕ್ಕೆ ಕಡಿಮೆಯಿಲ್ಲ, ನಾರು ಇನ್ನೂ ಹೆಚ್ಚು. ಬೇಸಿಗೆಗೆ ಕರಬೂಜ, ಕಲ್ಲಂಗಡಿ, ಮಳೆ ಹಿಡಿಯುವ ಹೊತ್ತಿಗೆ ನೇರಳೆ, ದಸರಾ, ದೀಪಾವಳಿಗೆ ಸೀತಾಫಲ, ಎಳ್ಳಮಾಸಿಗೆ ಬಾರೆಹಣ್ಣು. ಹಿತ್ತಲಲ್ಲಿ ಒಂದು ಪಪ್ಪಾಯಿ ಗಿಡ ನಿಂತರೆ ಕೊಳ್ಳುವ ಮಾತೇ ಇಲ್ಲ. ಆಯಾ ಕಾಲಕ್ಕೆ ಸಂತೆಯಲ್ಲಿ ಯಾವುದು ಅಗ್ಗವೋ ಅದೇ ತಕ್ಕ ಹಣ್ಣು.

4. ಅಳತೆ ಇರಲಿ, ರಸ ಬೇಡ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇದೆ. ಒಂದು ಮಧ್ಯಮ ಬಾಳೆಹಣ್ಣು ಅಥವಾ ಒಂದು ಪೇರಲ ತಿಂದರೆ ಹಣ್ಣಿನ ಆ ಲೆಕ್ಕ ತುಂಬುತ್ತದೆ. ಪುಂಡಿಪಲ್ಯ, ಮೆಂತ್ಯೆ, ಸೌತೆಕಾಯಿ ಉಳಿದದ್ದನ್ನು ತುಂಬಲಿ. ಸಕ್ಕರೆ ಕಾಯಿಲೆಯೂ ಇದ್ದವರು ಇಡೀ ಹಣ್ಣನ್ನು ಅಗಿದು ತಿನ್ನಬೇಕು. ರಸ ಹಿಂಡಿದರೆ ನಾರು ಹೋಗಿ, ಸಕ್ಕರೆ ಸರ್ರನೆ ರಕ್ತಕ್ಕೆ ಸೇರುತ್ತದೆ.

5. ಹಣ್ಣಿನ ಶಕ್ತಿಯನ್ನು ಇದ್ದಷ್ಟೇ ಹೇಳಬೇಕು

1997ರಲ್ಲಿ ಪ್ರಕಟವಾದ ಅಮೆರಿಕದ ‘ಡ್ಯಾಶ್’ ಪ್ರಯೋಗದಲ್ಲಿ 459 ಜನರಿದ್ದರು. ಹಣ್ಣು-ತರಕಾರಿ ಹೆಚ್ಚಿಸಿದ ಗುಂಪಿನಲ್ಲಿ ಮೇಲಿನ ಬಿ.ಪಿ. ಸರಾಸರಿ 2.8ರಷ್ಟು ಇಳಿಯಿತು. ಅದರೊಂದಿಗೆ ಕೊಬ್ಬು ಕಡಿಮೆಯ ಹಾಲು-ಮೊಸರು ಸೇರಿಸಿ, ಒಟ್ಟು ಕೊಬ್ಬನ್ನೂ ತಗ್ಗಿಸಿದಾಗ, ಮೊದಲೇ ಬಿ.ಪಿ. ಇದ್ದವರಲ್ಲಿ ಇಳಿಕೆ 11.4ಕ್ಕೆ ಮುಟ್ಟಿತು. ಬಿ.ಪಿ. 160 ಇದ್ದವರಿಗೆ ಹಣ್ಣೊಂದೇ ಸಾಲದೆಂಬುದು ಇದರಿಂದಲೇ ತಿಳಿಯುತ್ತದೆ. “ಹಣ್ಣು ತಿಂತೀನಿ, ಗುಳಿಗಿ ಬಿಟ್ಟೀನ್ರಿ” ಎನ್ನುವವರನ್ನು ಕೂಡ್ರಿಸಿ, ಐದು ನಿಮಿಷ ಬಿಟ್ಟು ಬಿ.ಪಿ. ನೋಡಿ, ಅಂಕಿ ತೋರಿಸಿಯೇ ಮಾತಾಡುತ್ತೇನೆ. ಮಾತ್ರೆಯೂ ಬೇಕು, ಹಣ್ಣೂ ಬೇಕು. ಊಟಕ್ಕೆ ಉಪ್ಪು ಹಾಕದ ಮಜ್ಜಿಗೆ ಇದ್ದರೆ ಮತ್ತೂ ಒಳ್ಳೆಯದು.

6. ಕೆಲವರಿಗೆ ಕಡಿವಾಣ ಬೇಕು

ಮೂತ್ರಪಿಂಡದ ತೊಂದರೆ ಇದ್ದರೆ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಉಳಿದು, ಹೃದಯದ ಬಡಿತಕ್ಕೇ ಕುತ್ತು ತರಬಹುದು. ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಈ ಮಾತ್ರೆ ನುಂಗುವವರಲ್ಲಿ ಮೂತ್ರಪಿಂಡ ಚೆನ್ನಾಗಿದ್ದರೆ ದಿನಕ್ಕೊಂದು ಹಣ್ಣಿಗೆ ಸಾಮಾನ್ಯವಾಗಿ ಅಂಜಬೇಕಿಲ್ಲ. ಆದರೆ ಕಾಲು ಬಾವು, ಮೂತ್ರ ಕಡಿಮೆ, ಹಳೆಯ ಸಕ್ಕರೆ ಕಾಯಿಲೆ ಇದ್ದವರು ರಕ್ತಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು. ಪೊಟ್ಯಾಸಿಯಂ ಬೆರೆಸಿದ ‘ಬಿ.ಪಿ. ಉಪ್ಪು’ ಇವರಿಗೆ ಇನ್ನೂ ಅಪಾಯ.

7. ಮನೆಗೆ ಬಂದ ಹಣ್ಣು ಆಕೆಯ ಬಾಯಿಗೆ ಬಂತೇ ಎಂದು ನೋಡಬೇಕು

ನಮ್ಮ ಮನೆಗಳಿಗೆ ಹಣ್ಣು ಬರುವುದು ದೇವರಿಗೆ, ಉಪವಾಸಕ್ಕೆ, ಮಕ್ಕಳಿಗೆ, ಜಡ್ಡಿನಿಂದ ಮಲಗಿದವರಿಗೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ತೊಗರಿ ಹೊಲದಲ್ಲಿ ಕಳೆ ತೆಗೆದು, ಸಂಜೆ ಮತ್ತೆ ಒಲೆ ಮುಂದೆ ಕೂಡುವ ಆಕೆಯ ಹೆಸರು ಆ ಸಾಲಿನಲ್ಲಿಲ್ಲ. “ಹಣ್ಣು ತಿಂದ್ಯಾ ಅವ್ವ?” ಎಂದರೆ “ತಂದಿದ್ರಿ, ಹುಡುಗ್ರು ತಿಂದ್ವು” ಎಂಬ ಉತ್ತರ ಬರುತ್ತದೆ. ಆದ್ದರಿಂದ ಸಲಹೆಯನ್ನು ಆಕೆಗೊಬ್ಬಳಿಗೇ ಹೇಳಿ ಎದ್ದು ಬರುವುದಿಲ್ಲ. ಗಂಡ, ಮಗ, ಸೊಸೆಯನ್ನೂ ಕೂಡ್ರಿಸಿಕೊಂಡು ಹೇಳುತ್ತೇನೆ. ಹೊಲಕ್ಕೆ ಒಯ್ಯುವ ಬುತ್ತಿಯಲ್ಲೇ ಒಂದು ಬಾಳೆಹಣ್ಣು ಕಟ್ಟುವುದು ನಾನು ಕಂಡ ಸುಲಭ ಉಪಾಯ, ಏಕೆಂದರೆ ಅಲ್ಲಿ ಅದನ್ನು ಆಕೆಯೇ ತಿನ್ನುತ್ತಾಳೆ.

ಸಂತೆ ಮಾಡುವವರು ಹೆಚ್ಚಾಗಿ ಗಂಡಸರು. ಅವರಿಗೆ ನನ್ನ ಕಳಕಳಿಯ ಮಾತು: ಮಾತ್ರೆ ತಪ್ಪದಂತೆ ನೋಡಿಕೊಳ್ಳುವ ಹಾಗೆಯೇ ಈ ವಾರದ ಸಂತೆಯಲ್ಲಿ ಅವ್ವನ ಪಾಲಿನ ಹಣ್ಣನ್ನು ಬೇರೆಯಾಗಿ ಎಣಿಸಿ ತನ್ನಿ. ಆಕೆ ತಿನ್ನುವವರೆಗೂ ಎದುರಿಗೆ ಕೂತಿರಿ.