ಲೋಲಕ ಸೋತಾಗ ಮಾತ್ರ ಕರೆಂಟು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯ ಹೈಸ್ಕೂಲುಗಳಿಗೆ ಗೋಪುರ ಗಡಿಯಾರದ ಮಾದರಿಯೊಂದನ್ನು ಹೊತ್ತು ತಿರುಗಿದ ವಿಜ್ಞಾನದ ಮೇಷ್ಟ್ರು ನಾನು. ತೇಗದ ಕೋಲು, ನಾಲ್ಕು ಕೆ.ಜಿ. ಸೀಸದ ಗುಂಡು, ಒಂದು ಕಾಯಿಲ್, ಬ್ಯಾಟರಿ, ಹಲ್ಲಿನ ಚಕ್ರ, ಎರಡು ಮುಳ್ಳು. ಪ್ರವಾಸದಲ್ಲಿ ಮೈಸೂರಿನ ದೊಡ್ಡ ಗಡಿಯಾರದ ಕನ್ನಡ ಅಂಕಿ ಓದಿಬಂದ ಮಕ್ಕಳಿಗೆ ಅಂಥ ಗಡಿಯಾರದ ಹಿಂದೆ ಏನಿರಬಹುದೆಂದು ತೋರಿಸುವ ಆಸೆ. ಮುಂದೆ ಮಾಡುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಉದ್ದ ಸರಿಮಾಡಿ. 'ಕರೆಂಟಿನ ಗಡಿಯಾರ' ಅಂದ ಕೂಡಲೇ ಮಕ್ಕಳು ಮೋಟಾರು ಹುಡುಕುತ್ತಾರೆ. ಕಾಲ ಅಳೆಯುವುದು ಲೋಲಕ. ಅತ್ತ ಒಂದು ಸೆಕೆಂಡು, ಇತ್ತ ಒಂದು ಸೆಕೆಂಡು ತೂಗಲು ನಮ್ಮ ಸೀಮೆಯಲ್ಲಿ ಅದರ ಉದ್ದ ಸುಮಾರು 99.1 ಸೆಂ.ಮೀ. ಇರಬೇಕು, ಲಂಡನ್ನಿನಲ್ಲಿ 99.4. ಅಲ್ಲಿ ಸರಿಹೊಂದಿಸಿದ್ದನ್ನು ಹಾಗೇ ತಂದು ಇಲ್ಲಿ ತೂಗುಹಾಕಿದರೆ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ಸಮಭಾಜಕದ ಹತ್ತಿರ ಭೂಮಿಯ ಸೆಳೆತ ತುಸು ಕಡಿಮೆ. 1672ರಲ್ಲಿ ಕಯೆನ್‌ಗೆ ಹೋದ ಫ್ರಾನ್ಸಿನ ರಿಷೆ ಕಂಡದ್ದೂ ಇದನ್ನೇ.

2. ಬೆಂಚಿನ ಮೇಲೆ ಇಡಬೇಡಿ. ಮಕ್ಕಳು ಒರಗಿದರೆ ಬೆಂಚೂ ತೂಗುತ್ತದೆ. ಗೋಡೆಗೆ ಬೋಲ್ಟು ಹಾಕಿ.

3. ತಗಡಿನ ನಾಲಗೆಗೆ ಸಮಯ ಕೊಡಿ. ಎರಡು ತರಗತಿ ಹೋದರೂ ಹೋಗಲಿ, ಇಡೀ ಯಂತ್ರದ ಜೀವ ಅದು. ಲೋಲಕದ ಕೋಲಿಗೆ ಉಗುರಗಲದ ತಗಡೊಂದು ಸಡಿಲವಾಗಿ ಜೋತಿರುತ್ತದೆ. ಅದರ ಕೆಳಗೆ, ಸ್ಪ್ರಿಂಗ್ ಪಟ್ಟಿಯ ಮೇಲೆ, ಕಚ್ಚು ಕೊರೆದ ಸಣ್ಣ ತುಂಡು. ಲೋಲಕ ಅಗಲವಾಗಿ ತೂಗುವಾಗ ನಾಲಗೆ ಆ ತುಂಡನ್ನು ಸವರಿಕೊಂಡು ಆಚೆ ದಾಟುತ್ತದೆ. ತೂಗಾಟ ಕುಗ್ಗಿದಾಗ ದಾಟಲಾರದೆ ನಿಂತು, ಮರಳುವಾಗ ಕಚ್ಚಿಗೆ ಸಿಕ್ಕಿಕೊಂಡು ಪಟ್ಟಿಯನ್ನು ಅದುಮುತ್ತದೆ. ಸಂಪರ್ಕ ಕೂಡಿ ಕಾಯಿಲ್ ಲೋಲಕವನ್ನು ಒಮ್ಮೆ ಎಳೆದು ಬಿಡುತ್ತದೆ. 'ಟಕ್!' ಮತ್ತೆ ಇಪ್ಪತ್ತು, ಮೂವತ್ತು ತೂಗಾಟ ಕರೆಂಟೇ ಬೇಡ. 19ನೇ ಶತಮಾನದಲ್ಲಿ ಮಥಾಯಸ್ ಹಿಪ್ ಕಂಡುಕೊಂಡ ಈ ಉಪಾಯಕ್ಕಿಂತ ಸೊಗಸಾದದ್ದನ್ನು ನಾನು ಬೇರೆ ಯಾವ ಗಡಿಯಾರದಲ್ಲೂ ಕಂಡಿಲ್ಲ.

4. ಗಡಿಯಾರ ನಿಂತರೆ ಬ್ಯಾಟರಿಗಿಂತ ಮೊದಲು ಸಂಪರ್ಕದ ಬಿಂದು ನೋಡಿ. ಪಾವಗಡದ ಕಡೆ ಬೇಸಿಗೆಯ ದೂಳಿಗೆ ಒಮ್ಮೆ ಮಾದರಿ ನಿಂತೇಹೋಯಿತು. ಆತುರದಲ್ಲಿ ಮರಳುಕಾಗದ ಉಜ್ಜಿದೆ. ಬಿಂದು ತರಿತರಿಯಾಗಿ ಇನ್ನೂ ಬೇಗ ಕಪ್ಪಾಗತೊಡಗಿತು. ಗಟ್ಟಿ ಕಾಗದದ ಚೂರನ್ನು ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು. ಕಿಡಿ ತಗ್ಗಿಸಲು ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿ, ತುದಿ ಅದಲುಬದಲಾಗದಂತೆ ನೋಡಿಕೊಳ್ಳಿ.

5. ಉಕ್ಕಿನ ಕೋಲು ಬಿಸಿಲಿಗೆ ಹಿಗ್ಗುತ್ತದೆ: ಒಂದು ಡಿಗ್ರಿ ಏರಿದರೆ ದಿನಕ್ಕೆ ಅರ್ಧ ಸೆಕೆಂಡು ನಿಧಾನ. ಅದಕ್ಕೇ ತೇಗ, ಎಳೆಯ ಉದ್ದಕ್ಕೆ ಮರ ಅಷ್ಟು ಹಿಗ್ಗದು. ಅತಿ ಕಡಿಮೆ ಹಿಗ್ಗುವ ಇನ್ವಾರ್ ಲೋಹ ಕಂಡುಹಿಡಿದ ಗಿಯೋಮ್‌ಗೆ 1920ರ ನೊಬೆಲ್ ಬಂತು.

6. ಗಾಳಿಯನ್ನು ಪಾಠದೊಳಗೆ ತನ್ನಿ. ಗೋಪುರದ ಮುಳ್ಳುಗಳು ಮಾರುದ್ದ. ಗಾಳಿ ಅವನ್ನು ತಡೆಯುತ್ತದೆ. ಇಂಗ್ಲೆಂಡಿನ ಲೆಸ್ಟರ್‌ನ ಜೆಂಟ್ ಕಂಪನಿ ಇದಕ್ಕೆ ಮಾಡಿದ ಏರ್ಪಾಡಿನಲ್ಲಿ ಲೋಲಕ ಕೊಕ್ಕೆಯಿಂದ ಚಕ್ರವನ್ನು ಹಲ್ಲುಹಲ್ಲಾಗಿ ತಳ್ಳಿ, ಅರ್ಧ ನಿಮಿಷದ ಕೆಲಸವನ್ನು ಸುಮಾರು 27 ಸೆಕೆಂಡಿಗೇ ಮುಗಿಸುತ್ತದೆ. ಕೊಕ್ಕೆ ಮೇಲೆದ್ದು ಮುಳ್ಳು ಕಾಯುತ್ತದೆ. ಕೆಳಗೆ ನೆಮ್ಮದಿಯಾಗಿ ನಡೆಯುವ ಮುಖ್ಯ ಗಡಿಯಾರದ ಸಂಕೇತ ಬಂದಾಗ ಮತ್ತೆ ಹೊರಡುತ್ತದೆ. ನನ್ನ ಮಾದರಿಯಲ್ಲಿ ಮುಖ್ಯ ಗಡಿಯಾರದ ಕೆಲಸ ಒಂದು ಮಗುವಿನದು: ಕೈಗಡಿಯಾರ ನೋಡುತ್ತ ಅರ್ಧ ನಿಮಿಷಕ್ಕೊಮ್ಮೆ ಬೆಲ್ಲಿನ ಗುಂಡಿ ಒತ್ತಬೇಕು.

ಶಿರಾದ ಹಳ್ಳಿಯೊಂದರ ಶಾಲೆಯಲ್ಲಿ ನಿಮಿಷದ ಮುಳ್ಳಿಗೆ ರಟ್ಟು ಕಟ್ಟಿ, ನೋಟ್‌ಬುಕ್ಕಿನಿಂದ ಬೀಸಿ ಎಂದೆ. ಮೂವತ್ತಕ್ಕೊಮ್ಮೆ ಬರುತ್ತಿದ್ದ 'ಟಕ್' ಹತ್ತಕ್ಕೇ ಬಂತು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಅದಕ್ಕೆ ಸುಸ್ತಾಗ್ತಿದೆ, ಅದಕ್ಕೇ ಜಾಸ್ತಿ ಸಲ ಕೇಳ್ತಿದೆ" ಎಂದಳು.