ಕಂಪ್ಯೂಟರ್ ಬಿಚ್ಚಲು ಅಂಜಬೇಡ, ತಮ್ಮ

ನಮ್ಮ ಯಡ್ರಾಮಿಯ ಧೂಳು ನಿನಗೆ ಗೊತ್ತೇ ಇದೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು ಮನೆಯೊಳಗೂ ಹಾರಿ ಬರುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಎರೆ ಹೊಲದ ಮಣ್ಣು ಏಳುತ್ತದೆ, ಆಮೇಲೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಇವೆಲ್ಲವನ್ನೂ ನಿನ್ನ ಕಂಪ್ಯೂಟರ್ ಫ್ಯಾನಿನ ಮೂಲಕ ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಊರು ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅರ್ಜಿ, ಪಹಣಿ, ಝೆರಾಕ್ಸ್ ಅಂತ ಕಂಪ್ಯೂಟರಿನ ಮೇಲೆ ಹೊಟ್ಟೆ ಹೊರೆಯುವ ಹುಡುಗರೂ ಇದ್ದಾರೆ. ಯಂತ್ರ ನಿಂತರೆ ಗಿರಾಕಿ ನಿಂತಂತೆ. ಅದನ್ನು ಬಸ್ಸಿಗೆ ಹಾಕಿಕೊಂಡು ಕಲಬುರಗಿಗೆ ಹೋಗುವುದು, ಅಂಗಡಿಯಲ್ಲಿ ಬಿಟ್ಟು ಬರುವುದು, ಮತ್ತೆ ತರಲು ಹೋಗುವುದು. ಇಷ್ಟೆಲ್ಲ ಮಾಡಿಸಿಕೊಳ್ಳುವ ರೋಗಗಳಲ್ಲಿ ಎಷ್ಟೋ ಒಂದು ಸ್ಕ್ರೂಡ್ರೈವರು, ಒಂದು ಮೆತ್ತನೆಯ ಬ್ರಷ್ಷಿನಲ್ಲಿ ವಾಸಿಯಾಗುವಂಥವು.

ಕೈ ಹಚ್ಚುವ ಮೊದಲು ಒಂದು ಮಾತು. ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ದೋಷ ಕಂಪ್ಯೂಟರಿನದ್ದಲ್ಲ, ಮನೆಯ ಅರ್ಥಿಂಗಿನದ್ದೇ ಇರುವುದು ಹೆಚ್ಚು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನಿಗೆ ನಿಜವಾಗಿ ತಂತಿ ಸೇರಿಲ್ಲ, ಇಲ್ಲವೇ ಅರ್ಥಿಂಗ್ ಗುಂಡಿ ಒಣಗಿದೆ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟಾಗ ಗುಂಡಿಯೂ ಒಣಗಿ ಕೆಲಸ ಬಿಡುತ್ತದೆ. ಅದಕ್ಕೆ ಆಗಾಗ ನೀರು ಹಾಕಿಸು, ತಂತಿಯ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ನನ್ನೇ ಕರೆ. ಇದನ್ನು ಸರಿಮಾಡದೆ ಹೊಸ ಭಾಗ ಹಾಕಿದರೆ ಅದೂ ಉಳಿಯುವುದು ಕಷ್ಟ.

ಈಗ ಬಿಚ್ಚು. ಪ್ಲಗ್ ಕಿತ್ತು, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದ ಕರೆಂಟು ಇಳಿಯಲಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಕನೆಕ್ಟರ್ ಮೊದಲು ಕಳಚು. ಚಳಿಗಾಲದ ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ಕೂಡಬೇಡ. ಮೈಯ ಸ್ಥಾಯೀ ವಿದ್ಯುತ್ತು ನಿನಗೆ ಗೊತ್ತಾಗದ ಹಾಗೆ ಚಿಪ್ಪನ್ನು ಕೊಲ್ಲಬಲ್ಲದು, ಆಗಾಗ ಕ್ಯಾಬಿನೆಟ್ಟಿನ ತಗಡು ಮುಟ್ಟುತ್ತಿರು. ಏನನ್ನೇ ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊ. ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊ. ಬ್ಲೋವರಿನ ಗಾಳಿಗೆ ಅದು ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ತಾನಾಗಿ ಆಫ್ ಆಗುವ ಕಂಪ್ಯೂಟರು ಹೆಚ್ಚಾಗಿ ಸೆಕೆಗೆ ಆಫ್ ಆಗುತ್ತದೆ. ಧೂಳು ತೆಗೆದ ಮೇಲೂ ಹಾಗೇ ಇದ್ದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ ಅಂದುಕೊ. ಹತ್ತು ನಿಮಿಷ ಯಂತ್ರ ನಡೆಸಿ ಪೇಸ್ಟ್ ಸ್ವಲ್ಪ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ತಿರುಚುತ್ತ ಎತ್ತು. ಸೀದಾ ಎಳೆದರೆ ಕೆಲವು ಹಳೆಯ ಎಎಂಡಿ ಬೋರ್ಡುಗಳಲ್ಲಿ ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ನಡುವೆ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡು. ಹೆಚ್ಚು ಹಾಕಿದರೆ ತಂಪು ಹೆಚ್ಚಾಗುವುದಿಲ್ಲ.

ಆನ್ ಮಾಡಿದರೆ ಬೀಪ್ ಬೀಪ್ ಅಂದು ಪರದೆ ಕಪ್ಪಾಗಿಯೇ ಉಳಿದರೆ ಮೊದಲು ರ್‍ಯಾಮ್ ನೋಡು. ತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ತಿಕ್ಕಿ, ಪುಡಿ ಒರೆಸಿ, ಎರಡೂ ಬದಿ ಟಕ್ ಅನ್ನುವ ತನಕ ಒತ್ತಿ ಕೂಡಿಸು. ಎಷ್ಟೋ ಸಲ ಇಷ್ಟೇ ಸಾಕು.

ಇನ್ನೊಂದು ಬಹಳ ಜನರನ್ನು ಕಾಡುವ ತೊಂದರೆ ಇದೆ. ಬೆಳಗ್ಗೆ ಕಂಪ್ಯೂಟರ್ ಹಚ್ಚುತ್ತೀ, ಸರ್ಕಾರಿ ಪೋರ್ಟಲ್ ತೆರೆಯುವುದಿಲ್ಲ, ಬ್ಯಾಂಕಿನದೂ ತೆರೆಯುವುದಿಲ್ಲ, 'ಸಂಪರ್ಕ ಸುರಕ್ಷಿತವಲ್ಲ' ಅನ್ನುತ್ತದೆ. ವೈರಸ್ ಬಂತು, ಫಾರ್ಮ್ಯಾಟ್ ಮಾಡಬೇಕು ಅಂತ ಪಕ್ಕದವರು ಹೇಳುತ್ತಾರೆ. ಯಾರ ಮಾತೂ ಕೇಳಬೇಡ, ಪರದೆಯ ಮೂಲೆಯ ತಾರೀಖು ನೋಡು. ಹತ್ತಾರು ವರ್ಷ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದೇ. ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರಕ್ಕೆ ಶುರುವಿನ ತಾರೀಖು, ಕೊನೆಯ ತಾರೀಖು ಇರುತ್ತವೆ. ನಿನ್ನ ಯಂತ್ರ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಒಳಗೆ ಬಿಡುವುದಿಲ್ಲ. ಸಿಆರ್2032 ಅನ್ನುವ ಆ ಮೂರು ವೋಲ್ಟಿನ ಸೆಲ್ ಹಲವು ವಾಚ್ ರಿಪೇರಿ ಅಂಗಡಿಗಳಲ್ಲೂ ಸಿಗುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಕೂಡಿಸಿ, ತಾರೀಖು ಸರಿಮಾಡು. ಇಷ್ಟಕ್ಕೆ ಫಾರ್ಮ್ಯಾಟಿನ ಹಣ ಕೊಟ್ಟವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹಣ ಹಾಕುವುದೇ ಆದರೆ ಎಸ್‌ಎಸ್‌ಡಿಗೆ ಹಾಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ ಇರುತ್ತದೆ, ನಿಮಿಷಕ್ಕೆ 5400 ಅಥವಾ 7200 ಸುತ್ತು. ಒಂದೊಂದು ತುಣುಕು ಮಾಹಿತಿಗೂ ಅದರ ಮುಳ್ಳು ಆ ಕಡೆ ಈ ಕಡೆ ಓಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಆನ್ ಮಾಡಿ ಚಹಾ ಕುಡಿದು ಬರುವಷ್ಟು ಕಾಯಿಸುತ್ತಿದ್ದ ಯಂತ್ರ ಒಂದು ನಿಮಿಷದೊಳಗೆ ಕೆಲಸಕ್ಕೆ ನಿಲ್ಲುತ್ತದೆ. ಹಳೆಯ ಯಂತ್ರಕ್ಕೆ ಎರಡೂವರೆ ಇಂಚಿನ ಸಾಟಾ ನಮೂನೆ ಸಾಕು. 256 ಜಿಬಿಯದಿದ್ದರೂ ಆದೀತು, ಹಳೆಯ ಡಿಸ್ಕು ಫೈಲ್ ಇಡಲು ಅಲ್ಲೇ ಇರಲಿ. ರ್‍ಯಾಮ್ ಹೆಚ್ಚಿಸುವುದು ಎರಡನೆಯ ಮಾತು. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂಡುವುದೇ ಇಲ್ಲ, ಕಚ್ಚಿನ ಜಾಗ ಬೇರೆ. ಅದಕ್ಕೇ ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿಯೇ ಕೊಳ್ಳು. ವಿಂಡೋಸ್ 32 ಬಿಟ್ಟಿನದಾದರೆ 4 ಜಿಬಿ ಮೇಲೆ ಹಾಕಿದ್ದು ದಂಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರಾದರೂ ಬೇಕು ಅನ್ನುತ್ತದೆ. ಅಷ್ಟಕ್ಕೇ ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕಬೇಡ. ಲಿನಕ್ಸ್ ಮಿಂಟ್ ಹಾಕು, ಅದು ಉಚಿತ, ಬ್ರೌಸರಿನ ಕೆಲಸವೆಲ್ಲ ನಡೆಯುತ್ತದೆ. ನುಡಿ ತಂತ್ರಾಂಶದಲ್ಲಿ ಕಲಿತ ಕೆಜಿಪಿ ಕೀಲಿಮಣೆ ಅಲ್ಲಿಯೂ ಸಿಗುತ್ತದೆ. ಆದರೆ ನಿನ್ನ ಬೆರಳಚ್ಚು ಸ್ಕ್ಯಾನರಿಗೆ ಬೇಕಾದ ತಂತ್ರಾಂಶ ವಿಂಡೋಸಿನಲ್ಲಷ್ಟೇ ನಡೆಯುವಂಥದ್ದಾದರೆ, ಆ ಯಂತ್ರವನ್ನು ಬದಲಿಸಬೇಡ.

ಒಳಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಎಂದೂ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು, ಪ್ರಾಣಕ್ಕೆ ಬರುತ್ತದೆ. ಕೆಟ್ಟರೆ ಇಡೀ ಡಬ್ಬಿ ಬದಲಿಸು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದು ಕಂಡರೆ ಚಾರ್ಜ್ ಹಚ್ಚಬೇಡ, ಒತ್ತಬೇಡ, ಚುಚ್ಚಬೇಡ, ಬೆಂಕಿ ಹತ್ತುತ್ತದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂದರೆ ಆ ಕ್ಷಣವೇ ಆಫ್ ಮಾಡಿ, ಒಳಗಿನ ಫೈಲ್ ಬೇಕಿದ್ದರೆ ಬಲ್ಲವರ ಹತ್ತಿರ ಒಯ್ಯಿ. ಕಲಬುರಗಿಯ ಬಸ್ ಹತ್ತಬೇಕಾದದ್ದು ಇಂಥದ್ದಕ್ಕೆ.

ತೊಗರಿ ರಾಶಿ ಮುಗಿದ ವಾರ ಒಮ್ಮೆ, ಬೇಸಿಗೆ ಏರುವ ಮೊದಲು ಇನ್ನೊಮ್ಮೆ ಬಿಚ್ಚಿ ಧೂಳು ತೆಗೆ. ಅದಕ್ಕೂ ಮೊದಲು ಬೇಕಾದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊ. ಬಿಚ್ಚುವಾಗ ಮನೆಯ ತಂಗಿಯನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಸ್ಕ್ರೂಡ್ರೈವರ್ ಅವಳ ಕೈಗೆ ಕೊಡು.